ಪೇಢಾನ ಹೊಟ್ಟಿಬ್ಯಾನಿ, ನಮ್ಮ ಓಣಿಯ ಅಂಗಳ

ಅಕ್ಕಂದಿರ, ತಂಗೆಂದಿರ, ಓಣಿಯ ಕಾಕು-ವೈನಿ ಎಲ್ಲಾರ,

ಹೋದ ತಿಂಗಳಿಂದ ನನಗ ಬರೋ ಫೋನಿನಾಗ ಅರ್ಧ ಫೋನು ಒಂದ ಮಾತಿನವು. "ಮರಿ ನಿನ್ನೆಯಿಂದ ಏನೂ ಮುಟ್ಟವಲ್ದು, ನಿಮ್ಮ ಪೇಢಾಗ ಏನು ಮಾಡಿದ್ರಿ?" ಅಂತ. ಗದಗಿನಿಂದ ತಂಗಿ ಕೇಳಿದ್ಲು, ಬೆಳಗಾವಿಯಿಂದ ನಾದಿನಿ ಕೇಳಿದ್ಲು, ಪುಣೇದಾಗಿರೋ ಅಕ್ಕನ ಸೊಸಿ ರಾತ್ರಿ ಹನ್ನೊಂದಕ್ಕ ವಿಡಿಯೋ ಕಾಲ್ ಮಾಡಿ ಮರೀನ್ನ ತೋರಿಸಿದ್ಲು. ಒಬ್ಬೊಬ್ಬರಿಗೆ ಹೇಳೋದಕ್ಕಿಂತ ಒಂದ ಕಡೆ ಬರದಿಟ್ರ ಎಲ್ಲಾರಿಗೂ ಸಿಗ್ತದ ಅಂತ ಇವತ್ತು ಅಡಗಿ ಮುಗಿಸಿ ಕೂತೀನಿ. ಈ ಸಲ ಮೆಂತೆಹಿಟ್ಟಿಲ್ಲಾ, ಉಪ್ಪಿನಕಾಯಿ ಇಲ್ಲಾ. ನಾಯಿಮರಿ ವಾಂತಿ-ಸಂಡಾಸದ ಮಾತು. ಊಟಾ ಮಾಡ್ಕೋತ ಓದಬ್ಯಾಡ್ರಿ.

ರೋಗದ ಹೆಸರು ಪಾರ್ವೊ. ನಾಯಿಮರಿಗಳ ಸಣ್ಣ ಕರುಳಿಗೆ ಬರೋ ವೈರಸ್ ರೋಗ. ಆರು ವಾರದಿಂದ ಆರು ತಿಂಗಳೊಳಗಿನ ಮರಿಗಳಿಗೆ ಇದರ ಕಾಟ ಹೆಚ್ಚು. ಔಷಧ ಸಿಗದಿದ್ರ ಹತ್ತಕ್ಕ ಒಂಬತ್ತು ಮರಿ ಹೋಗ್ತಾವು. ವ್ಯಾಳ್ಯಾಕ್ಕ ಸಲೈನ್, ಇಂಜೆಕ್ಷನ್ ಸಿಕ್ರ ಹತ್ತಕ್ಕ ಎಂಟು-ಒಂಬತ್ತು ಉಳೀತಾವು. ಇಷ್ಟು ಅಂತರ ಇರೋ ರೋಗ ಭಾಳ ಇಲ್ಲಾ. ಅದಕ್ಕ ಇಷ್ಟು ಉದ್ದ ಬರೀಲಿಕ್ಕತ್ತೀನಿ.

ಪೇಢಾ ನಮ್ಮನಿಗೆ ಬಂದಿದ್ದು ದೀಪಾವಳಿ ಪಾಡ್ಯದ ಮರುದಿನ. ನಮ್ಮನಿಯವ್ರ ಗೆಳ್ಯಾರ ಹೊಲದಾಗ ಹುಟ್ಟಿದ ಮರಿ. ಮೈಯೆಲ್ಲಾ ಧಾರವಾಡ ಪೇಢೇದ ಬಣ್ಣ, ಎದಿ ಮ್ಯಾಲೆ ಸಕ್ಕರಿ ಉದುರಿಸಿದಂಗ ಬಿಳಿ ಚುಕ್ಕಿ. ಮಗ ಹೆಸರಿಟ್ಟ, ಅದ ನಿಂತ್ತು. ಏಳು ವಾರದ ಮರಿ ಇತ್ತು. ಬಂದ ವಾರದಾಗ ಮೊದಲನೇ ಲಸಿಕೆ ಆತು, ಜಂತಿನ ಔಷಧಾನೂ ಆತು. ಎರಡನೇ ಲಸಿಕೆ ತಾರೀಖನ್ನ ಹಾಲಿನ ಲೆಕ್ಕಾ ಬರಿಯೋ ಕ್ಯಾಲೆಂಡರಿನಾಗ ಕೆಂಪು ಪೆನ್ನಿಲೆ ಗುಂಡಗ ಮಾಡಿ ಇಟ್ಟಿದ್ದೆ. ಆ ತಾರೀಖಿಗೆ ಇನ್ನೂ ಒಂದು ವಾರ ಇತ್ತು, ಅಷ್ಟರಾಗ ಬ್ಯಾನಿ ಬಂತು.

ಮೊದಲನೇ ಸುಳಿವು ಕೊಟ್ಟಿದ್ದು ರೊಟ್ಟಿ ಸಪ್ಪಳ. ನಾನು ರೊಟ್ಟಿ ಬಡೀಲಿಕ್ಕೆ ಕೂತ್ರ ಪೇಢಾ ಎಲ್ಲಿದ್ರೂ ಓಡಿ ಬಂದು ಅಡಗಿಮನಿ ಹೊಸ್ತಿಲ ಮ್ಯಾಲೆ ಗದ್ದ ಇಟ್ಟು ಮಲಗ್ತಿದ್ದ. ಆವತ್ತು ಹನ್ನೆರಡು ರೊಟ್ಟಿ ಆದ್ರೂ ಬರಲಿಲ್ಲಾ. ಹೋಗಿ ನೋಡಿದ್ರ ಪಡಸಾಲಿ ಮೂಲ್ಯಾಗ ಮುದ್ದಿಯಾಗಿ ಕೂತಿತ್ತು. ಮಧ್ಯಾಹ್ನ ಬಿಳೀ ನೊರಿ ಕಾರ್ತು, ಸಂಜೀಕ ಹಳದಿ ನೀರು. ರಾತ್ರಿ ಹೊಟ್ಟಿ ಝಾಡಿಸ್ಲಿಕ್ಕೆ ಶುರು ಆತು, ಬೆಳಗಿನ ಜಾವಕ್ಕ ಅದರಾಗ ರಕ್ತಾ ಕಂಡ್ತು. ಅದರ ವಾಸನಿ ಬ್ಯಾರೇನ ಇರ್ತದ, ಒಮ್ಮೆ ಮೂಗಿಗೆ ಬಡದ್ರ ಮರಿಯಂಗಿಲ್ಲಾ.

ಬೆಳಿಗ್ಗೆ ಪಶು ಡಾಕ್ಟರ್ ಬಾಯಿಯವ್ರ ಕಡೆ ಓಡಿದ್ವಿ. ಅವ್ರು ಕಡ್ಡಿಯಿಂದ ಸಂಡಾಸದ ಜಾಗಾ ಸವರಿ ಒಂದು ಸಣ್ಣ ಕಿಟ್ ಮ್ಯಾಲೆ ಹನಿ ಹಾಕಿದ್ರು. ನಾವು ಕೋವಿಡ್ ಕಾಲದಾಗ ನೋಡಿದಂಥಾದ್ದ ಕಿಟ್ಟು. ಎರಡು ಗೆರಿ ಬಂದ್ವು. "ಪಾರ್ವೊ ಅದರೀ. ಈ ವೈರಸ್ಸಿಗೆ ನೇರ ಕೊಡೋ ಔಷಧ ನನ್ನ ಕಡೆ ಇಲ್ಲಾ. ಮರಿ ತಾನ ಹೊಡದಾಡಬೇಕು. ಅಲ್ಲೀತನಕ ಅದನ್ನ ಒಣಗಲಾರದಂಗ ಹಿಡಕೊಳ್ಳೋದು ನನ್ನ ಕೆಲಸ, ನಿಮ್ಮ ಕೆಲಸ" ಅಂದ್ರು.

ಯಾಕ ಹಿಂಗ ಒಣಗ್ತಾವು ಅಂತ ನಾ ಕೇಳಿದೆ. ಅವ್ರು ಛಂದ ತಿಳಿಸಿ ಹೇಳಿದ್ರು. ನಮ್ಮ ಹಳ್ಳಿಮನಿ ನೆಲಾ ತುಳದು ತುಳದು ಸವೀತದ, ವಾರಕ್ಕೊಮ್ಮೆ ಸಾರಸ್ತೀವಿ, ಮತ್ತ ಹೊಸಾದಾಗ್ತದ. ಕರುಳಿನ ಒಳಮೈನೂ ಹಂಗ. ದಿನಾ ಸವೀತದ, ಕೆಲವು ದಿನಕ್ಕೊಮ್ಮೆ ಹೊಸಾದು ಬರ್ತದ. ಆ ಹೊಸಾದನ್ನ ಹುಟ್ಟಿಸೋ ಕಣಗಳು ತಳದಾಗ ಕೂತಿರ್ತಾವು. ಪಾರ್ವೊ ಹಿಡಿಯೋದು ಅವನ್ನ. ಸಾರಿಸೋ ಕೈಯನ್ನ ಕಡದಂಗ. ನೆಲಾ ಸವದು ಬಯಲಾಗ್ತದ, ಕುಡದ ನೀರು ನಿಲ್ಲಂಗಿಲ್ಲಾ, ರಕ್ತಾ ಸೋರ್ತದ, ಕರುಳಿನಾಗಿನ ಬ್ಯಾಕ್ಟೀರಿಯಾ ರಕ್ತದೊಳಗ ನುಗ್ತಾವು. ಅದ ವ್ಯಾಳ್ಯಾದಾಗ ಎಲಬಿನ ಮಜ್ಜಿಗೂ ಈ ವೈರಸ್ ಹೊಕ್ಕಿರ್ತದ, ಬಿಳೀ ರಕ್ತಕಣ ಇಳೀತಾವು. ಕಳ್ಳರು ಬರೋ ರಾತ್ರಿ ಕಾವಲಿನವ್ರೂ ಇಲ್ಲದಂಗ. ಅದಕ್ಕ ಸಲೈನ್ ಬೇಕು, ವಾಂತಿ ನಿಲ್ಲಿಸೋ ಇಂಜೆಕ್ಷನ್ ಬೇಕು, ಬ್ಯಾಕ್ಟೀರಿಯಾಕ್ಕ ಆಂಟಿಬಯಾಟಿಕ್ ಬೇಕು.

ಐದು ದಿನ ಹಗಲೆಲ್ಲಾ ಅಲ್ಲೇ ಸಲೈನ್, ರಾತ್ರಿ ಮನಿಗೆ. ಮುಂಗಾಲಾಗ ಸೂಜಿ ಹಂಗ ಬಿಟ್ಟು ಪಟ್ಟಿ ಸುತ್ತಿ ಕಳಸ್ತಿದ್ರು. ಮೂರನೇ ರಾತ್ರಿ ಭಾಳ ಕಠಿಣ ಆತು. ವಸಡು ಬೆಳ್ಳಗ ಆಗಿತ್ತು, ಕಿವಿ ತಣ್ಣಗ. ಜ್ವರಾ ಬರೋದಕ್ಕಿಂತ ಮೈ ತಣ್ಣಗಾಗೋದು ಇದರಾಗ ಹೆಚ್ಚು ಅಂಜಿಕಿ ಅಂತ ಡಾಕ್ಟರ್ ಬಾಯಿ ಮೊದಲ ಹೇಳಿದ್ರು. ಬಾಟಲಿಗೆ ಬಿಸಿನೀರು ತುಂಬಿ, ಹಳೇ ಇಲಕಲ್ ಸೀರಿ ತುಂಡು ಸುತ್ತಿ, ಮಗ್ಗಲಾಗ ಇಟ್ವಿ. ತಾಸಿಗೊಮ್ಮೆ ಬದಲಿ. ನಮ್ಮನಿಯವ್ರು ಹನ್ನೆರಡರತನಕ, ನಾನು ಮೂರರತನಕ, ಮಗ ಬೆಳಗಿನ ಜಾವದತನಕ ಕೂತ್ವಿ. ಮಗ ಹತ್ತನೇತ್ತೆ ಇದ್ದಾನ, ಮರುದಿನ ಪರೀಕ್ಷಾ ಇತ್ತು. "ನಾ ಹೆಂಗೂ ಓದಬೇಕಲ್ಲವಾ, ಇಲ್ಲೇ ಓದ್ತೀನಿ" ಅಂದಾ. ಅಂವಗ ಬ್ಯಾಡಾ ಅನ್ನಲಿಕ್ಕೆ ನನಗ ಬಾಯಿ ಬರಲಿಲ್ಲಾ.

ನಾಕನೇ ದಿನ ಡಾಕ್ಟರ್ ಬಾಯಿ ಮೂಗಿನಿಂದ ಸಣ್ಣ ನಳಿಗಿ ಹಾಕಿ ಸ್ವಲ್ಪ ಸ್ವಲ್ಪ ಉಣಿಸಲಿಕ್ಕೆ ಶುರು ಮಾಡಿದ್ರು. ಹಿಂದಕ್ಕ ವಾಂತಿ ಪೂರ್ತಿ ನಿಲ್ಲೋತನಕ ಉಪವಾಸ ಕೆಡವ್ತಿದ್ರಂತ, ಈಗ ಕರುಳಿಗೆ ಲಗೂನ ಆಹಾರ ಮುಟ್ಟಿಸಿದ್ರ ಲಗೂ ಕೂಡ್ತದ ಅಂತ ತಿಳದದ. ಮನಿಗೆ ಹೋದ ಮ್ಯಾಲೆ ಬೇಯಿಸಿದ ಕೋಳಿ ನೀರು, ಮೆತ್ತನ್ನ ಅನ್ನ ನೆಕ್ಕಸ್ರಿ ಅಂದ್ರು.

ಕೋಳಿ! ನಮ್ಮನಿಯೊಳಗ ತತ್ತಿ ಸುದ್ದಾ ಒಳಗ ಬರಂಗಿಲ್ಲಾ. ನಾ ಅತ್ತೆಯವ್ರ ಮಾರಿ ನೋಡಿದೆ. ಎಪ್ಪತ್ತೆರಡು ವರ್ಷದ ಜೀವ, ಸೋಮವಾರ ಉಪವಾಸ ಬಿಟ್ಟಿಲ್ಲಾ. ಒಂದು ಕ್ಷಣ ಸುಮ್ಮನಿದ್ದು, "ಅದು ಮೈಲಾರಲಿಂಗನ ನಾಯಿ. ಅದರ ಊಟಾ ಅದಕ್ಕ. ಹಿತ್ತಲಕಟ್ಟಿ ಮ್ಯಾಲೆ ಉಣಿಸ್ರಿ, ಪಾತ್ರಿ ಬ್ಯಾರೆ ಇರಲಿ" ಅಂದ್ರು. ಮಗ್ಗಲ ಮನಿ ಆಪಾ ಅವರು ಕೇಳೋದ ತಡ, ಉಪ್ಪಿಲ್ಲದ, ಉಳ್ಳಾಗಡ್ಡಿ ಇಲ್ಲದ ಬೇಯಿಸಿ, ಎಲಬು ತಗದು, ಸ್ಟೀಲ್ ಡಬ್ಬ್ಯಾಗ ಹಾಕಿ ಗ್ವಾಡಿ ಮ್ಯಾಲಿಂದ ಕೊಟ್ರು. ಎಂಟು ದಿನ ದಿನಾ ಕೊಟ್ರು. ಐದನೇ ದಿನ ಸಂಜೀಕ ಪೇಢಾ ಆ ಡಬ್ಬಿ ಮುಚ್ಚಳದ ಸಪ್ಪಳಕ್ಕ ಕಿವಿ ಎತ್ತಿದ. ಅತ್ತೆಯವ್ರ ಮೊದಲು ನೋಡಿದ್ದು.

ಖರ್ಚು ಕೇಳ್ತೀರಿ ಅಂತ ಗೊತ್ತದ. ಐದು ದಿನದ ಲೆಕ್ಕದಾಗ ನಾಕೈದು ಗ್ಯಾಸ್ ಸಿಲಿಂಡರ್ ಬರ್ತಿದ್ವು. ಲಸಿಕೆ ಖರ್ಚು ಅದರ ಮುಂದ ಏನೂ ಅಲ್ಲಾ.

ಒಂದು ಲಸಿಕೆ ಆಗಿದ್ರೂ ಯಾಕ ಬಂತು? ಎಲ್ಲಾರೂ ಕೇಳೋ ಪ್ರಶ್ನೆ ಇದು. ಕೆಲವರು "ಹಂಗಾರ ಲಸಿಕೆ ಸುಳ್ಳು" ಅಂತಾರ. ಸುಳ್ಳಲ್ಲಾ. ಹುಟ್ಟಿದ ಮರಿ ಮೊದಲನೇ ದಿನ ಕುಡಿಯೋ ಗಿಣ್ಣದ ಹಾಲಿನಾಗ ತಾಯಿಯ ರಕ್ಷಣಾ ಬರ್ತದ. ಅದು ಸುಮಾರು ಹತ್ತು ದಿನಕ್ಕೊಮ್ಮೆ ಅರ್ಧ ಆಗ್ಕೋತ ಹೋಗ್ತದ. ಜೋರಾಗಿ ಇದ್ದಾಗ ರೋಗಾನೂ ತಡೀತದ, ಲಸಿಕೆನೂ ತಡೀತದ. ನಡುವ ಒಂದು ಕಾಲ ಬರ್ತದ. ರೋಗಾ ತಡೀಲಿಕ್ಕೆ ಅದು ಸಾಲಂಗಿಲ್ಲಾ, ಆದ್ರ ಲಸಿಕೆ ಕೆಲಸ ಮಾಡಗೊಡಲಾರದಷ್ಟು ಇರ್ತದ. ಹಳೇ ಬಾಗಿಲಾ ಸರಿಯಾಗಿ ಮುಚ್ಚಂಗಿಲ್ಲಾ, ಅದು ಚೌಕಟ್ಟಿನಾಗ ಇರೋತನಕ ಹೊಸಾದು ಕೂಡಂಗಿಲ್ಲಾ. ಆ ಸಂದಿಯೊಳಗ ರೋಗಾ ನುಗ್ತದ. ಯಾವ ಮರಿಗೆ ಯಾವ ವಾರ ಆ ಸಂದಿ ಬರ್ತದ ಅನ್ನೋದು ಅದು ಎಷ್ಟು ಗಿಣ್ಣದ ಹಾಲು ಕುಡದದ ಅನ್ನೋದರ ಮ್ಯಾಲೆ. ಒಂದ ಹೊಟ್ಟ್ಯಾಗ ಹುಟ್ಟಿದವಕ್ಕೂ ಬ್ಯಾರೆ ಬ್ಯಾರೆ. ಅದಕ್ಕ ಡಾಕ್ಟರು ಒಂದ ಲಸಿಕೆ ಮ್ಯಾಲೆ ನಿಲ್ಲಂಗಿಲ್ಲಾ, ಮತ್ತ ಮತ್ತ ಕೊಡ್ತಾರ.

ಅತ್ತೆಯವ್ರು ಇನ್ನೊಂದು ಕೇಳಿದ್ರು. "ನಮ್ಮಪ್ಪನ ಹೊಲದಾಗ ನಾಕು ನಾಯಿ ಇದ್ವು. ಯಾರು ಸೂಜಿ ಮಾಡಸ್ತಿದ್ರು? ಯಾವೂ ಹಿಂಗ ಸಾಯಲಿಲ್ಲಾ." ಅವರ ಮಾತು ಖರೇನ. ಅವರು ಸಣ್ಣವರಿದ್ದಾಗ ಈ ರೋಗಾನ ಇರಲಿಲ್ಲಾ! ಬೆಕ್ಕುಗಳಿಗೆ ಬರೋ ಇಂಥಾದ್ದ ಒಂದು ವೈರಸ್ಸು, ಇಲ್ಲಾ ಅದರ ಹತ್ತಿರದ ಸಂಬಂಧದ್ದು, ಬದಲಾಗಿ ನಾಯಿಗೆ ಹತ್ತಿತು. 1978ರಾಗ ಅದು ಎದ್ದು ಕಾಣಿಸಿಕೊಂಡಿತು, ಎರಡು ವರ್ಷದಾಗ ಜಗತ್ತೆಲ್ಲಾ ಹಬ್ಬಿತು. ಯಾವ ನಾಯಿ ಮೈಯಾಗೂ ಅದರ ಗುರುತಿರಲಿಲ್ಲಾ, ಹಂಗಾಗಿ ದೊಡ್ಡ ನಾಯಿಗಳೂ ಸತ್ವು. ಅಮೆರಿಕಾದ ಕಾರ್ನೆಲ್ ವಿಶ್ವವಿದ್ಯಾಲಯದ ಲೀಲ್ಯಾಂಡ್ ಕಾರ್ಮೈಕಲ್, ಮ್ಯಾಕ್ಸ್ ಅಪೆಲ್ ಅನ್ನೋ ವಿಜ್ಞಾನಿಗಳು ಹಗಲು ರಾತ್ರಿ ದುಡದು ಲಸಿಕೆ ಕಂಡುಹಿಡದ್ರು. ಅತ್ತೆಯವ್ರಿಗೆ ಇದನ್ನ ಹೇಳಿದೆ. "ಹಂಗಾರ ಈ ಬ್ಯಾನಿ ನಿನ್ನ ಗಂಡಗಿಂತ ಸಣ್ಣದು ಅನ್ನು" ಅಂತ ನಕ್ರು. ಲಸಿಕೆ ಬಗ್ಗೆ ಆಮ್ಯಾಲೆ ಅವರು ವಾದಾ ಮಾಡಿಲ್ಲಾ.

ಈಗ ನಾ ಹೇಳಬೇಕಂತ ಕೂತ ಮುಖ್ಯ ಮಾತಿಗೆ ಬರ್ತೀನಿ. ಪಾರ್ವೊ ಅರ್ಧ ಆಸ್ಪತ್ರ್ಯಾಗಿನ ರೋಗಾ, ಇನ್ನರ್ಧ ನಮ್ಮ ಅಂಗಳದ್ದು. ಆ ಅರ್ಧ ಕಸಬರಿಗಿ ಹಿಡಿಯೋರ ಕೈಯಾಗ ಅದ, ಅಂದ್ರ ಹೆಚ್ಚಾಗಿ ನಮ್ಮ ಕೈಯಾಗ.

ಈ ವೈರಸ್ಸು ಹೊಲಸಿನಾಗ ಬರ್ತದ. ರೋಗಾ ಕಾಣೋದಕ್ಕಿಂತ ಮೊದಲ ಮರಿ ಸಂಡಾಸದಾಗ ಬೀಳಲಿಕ್ಕೆ ಶುರು ಆಗ್ತದ, ಆರಾಮಾದ ಮ್ಯಾಲೂ ಹತ್ತು-ಹದಿನೈದು ದಿನ ಬೀಳ್ತದ. ಹೊಲಸು ಒಣಗಿ ಧೂಳಾದ್ರೂ, ಮಳಿಗೆ ತೊಳದು ಹೋದಂಗ ಕಂಡ್ರೂ, ನೆರಳಿನ ಮಣ್ಣಿನಾಗ ವೈರಸ್ಸು ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷದತನಕ ಜೀವಾ ಹಿಡಕೊಂಡಿರ್ತದ. ಚಪ್ಪಲಿಗೆ, ಸೈಕಲ್ ಗಾಲಿಗೆ, ಸೀರಿ ಅಂಚಿಗೆ ಹತ್ತಿ ಬರ್ತದ. ಹೊರಗ ಕಾಲಿಡದ ಮರಿಗೂ ಬರೋದು ಹಿಂಗ. ನಮ್ಮ ಓಣಿ ಕೊನ್ಯಾಗಿನ ಖುಲ್ಲಾ ಪ್ಲಾಟಿನಾಗ ಕೆಂಪಿ ಅನ್ನೋ ಬೀದಿನಾಯಿ ಐದು ಮರಿ ಹಾಕಿತ್ತು. ಪೇಢಾ ಬಿದ್ದ ವಾರದ ಹಿಂದ-ಮುಂದ ಅದರಾಗ ನಾಕು ಹೋದ್ವು. ರೋಗಾ ಮೈಯಾಗ ಹೊಕ್ಕ ಮೂರರಿಂದ ಏಳು ದಿನಕ್ಕ ಸಾಮಾನ್ಯವಾಗಿ ಕಾಣಸ್ತದ. ನಾವೆಲ್ಲಾರೂ ದಿನಾ ಆ ಪ್ಲಾಟ್ ದಾಟೇ ಹಾಲಿಗೆ ಹೋಗ್ತೀವಿ.

ಕೋವಿಡ್ ಕಾಲದಾಗ ಸಾಬೂನು, ಸ್ಯಾನಿಟೈಜರ್ ಅಂತ ಎಲ್ಲಾರೂ ಕಲ್ತೀವಿ. ಕೊರೋನಾ ವೈರಸ್ಸಿಗೆ ಮ್ಯಾಲೆ ಕೊಬ್ಬಿನ ಹೊದಿಕಿ ಇತ್ತು, ಸಾಬೂನು ಅದನ್ನ ಒಡೀತಿತ್ತು. ಪಾರ್ವೊಗ ಆ ಹೊದಿಕಿ ಇಲ್ಲಾ. ಸಾಬೂನು ಅದನ್ನ ತೊಳದು ಕಳಸ್ತದ, ಕೊಲ್ಲಂಗಿಲ್ಲಾ. ಸ್ಯಾನಿಟೈಜರ್ ನಂಬಬ್ಯಾಡ್ರಿ. ಘಮಾ ಅನ್ನೋ ಫಿನಾಯಿಲ್ ಮ್ಯಾಲೂ ಭಾರಾ ಹಾಕಬ್ಯಾಡ್ರಿ. ಮನಿಯೊಳಗ ನಮಗ ಸಿಗೋ ಗಟ್ಟಿ ಹತಿಯಾರ ಬ್ಲೀಚು. ನಾ ಮಾಡಿದ್ದು ಹಿಂಗ:

ಮೊದಲು ಹೊಲಸನ್ನ ಕಾಗದದಿಂದ ಬಳದು ಎರಡು ಚೀಲದಾಗ ಕಟ್ಟಿದೆ. ಗಟಾರಕ್ಕ ಚೆಲ್ಲಲಿಲ್ಲಾ. ಆಮ್ಯಾಲೆ ನೆಲಾನ್ನ ಸಾಬೂನು ನೀರಿಲೆ ತಿಕ್ಕಿ ತೊಳದೆ. ಹೊಲಸು, ಮಣ್ಣು, ಸಗಣಿ ಇದ್ದಲ್ಲಿ ಬ್ಲೀಚಿನ ಜೋರು ಅದರಾಗ ಮುಗದು ಹೋಗ್ತದ, ಅದಕ್ಕ ಮೊದಲು ತೊಳಿಯಲೇಬೇಕು. ತೊಳದ ಮ್ಯಾಲೆ, ಮನಿಬಳಕಿಯ ನೀರು ಬ್ಲೀಚ್, ಸುಮಾರು 5% ಇರೋದು, ಒಂದು ವಾಟಿಗೆ ಮೂವತ್ತು ವಾಟಿ ನೀರು ಕೂಡಿಸಿ ನೆಲದ ಮ್ಯಾಲೆ ಹಾಕಿ ಹತ್ತು ನಿಮಿಷ ಹಸಿಯಾಗೇ ಬಿಟ್ಟೆ. ಹಾಕಿದ ಕೂಡಲೇ ವರಸಿದ್ರ ಉಪಯೋಗಿಲ್ಲಾ. ಹತ್ತು ನಿಮಿಷ ಅಂದ್ರ ಹತ್ತು ನಿಮಿಷ, ಅಷ್ಟರಾಗ ಒಂದು ಚಹಾ ಕುಡೀರಿ. ಆಮ್ಯಾಲೆ ಸ್ವಚ್ಛ ನೀರಿಲೆ ತೊಳದು ಒಣಗಿಸಿದೆ. ಊಟದ ತಾಟು, ನೀರಿನ ಬಟ್ಟಲಾ, ಹಗ್ಗಾ, ಗೋಣಿತಾಟು ಎಲ್ಲಾದಕ್ಕೂ ಇದ. ಹಾಸಿದ ಹಳೇ ಅರಿವಿ, ಕಡದ ಆಟಗಿ ಸಾಮಾನು ಕಟ್ಟಿ ಕಸಕ್ಕ ಕೊಟ್ಟೆ.

ಒಂದು ಮಾತು ಗಟ್ಟಿ ನೆನಪಿಡ್ರಿ. ಬ್ಲೀಚಿನ ಜೋಡಿ ಸಂಡಾಸ ತೊಳಿಯೋ ಆಸಿಡ್ ಕೂಡಿಸಲೇಬ್ಯಾಡ್ರಿ, ವಿಷದ ಗಾಳಿ ಏಳ್ತದ. ಕಿಡಕಿ ತಗದಿಡ್ರಿ, ಮರಿ ಮತ್ತ ಸಣ್ಣ ಹುಡುಗರನ್ನ ಹೊರಗ ಕಳಸ್ರಿ, ನೆಲಾ ಒಣಗಿದ ಮ್ಯಾಲೆ ಒಳಗ ಬಿಡ್ರಿ.

ಮಣ್ಣಿನ ಅಂಗಳಕ್ಕ ಇಷ್ಟು ಸುಲಭ ಇಲ್ಲಾ. ಮಣ್ಣಿನಾಗ ಬ್ಲೀಚ್ ಕೆಲಸ ಮಾಡೋದು ಕಡಿಮಿ. ಹೊಲಸು ಬಿದ್ದ ಕಡೆ ಮ್ಯಾಲಿನ ಮಣ್ಣು ತಗದ್ವಿ, ಬಿಸಲು ಬೀಳೂವಂಗ ದಾಸವಾಳದ ಟೊಂಗಿ ಕಡದ್ವಿ. ಬಿಸಲು, ಒಣಗೋದು, ಕಾಲ, ಈ ಮೂರ ಅಲ್ಲಿ ಔಷಧ.

ಇದರಾಗ ನನಗ ದೊಡ್ಡ ಸಹಾಯ ಆಗಿದ್ದು ಅತ್ತೆಯವ್ರ ಹಳೇ ಶಿಸ್ತು. ಹೊರಗಿನಿಂದ ಬಂದವ್ರು ಕಾಲು ತೊಳೀದ ಹೊಸ್ತಿಲಾ ದಾಟಬಾರದು ಅಂತ ಅವರು ನಲವತ್ತು ವರ್ಷದಿಂದ ಒದರ್ತಾರ, ನಾವು ನಗ್ತಿದ್ವಿ. ಈಗ ಅದನ್ನ ಹಂಗ ಜಾರಿ ಮಾಡಿದ್ವಿ. ಹಿತ್ತಲ ಬಾಗಲಿಗೆ ಒಂದು ಜೋಡಿ "ನಾಯಿ ಚಪ್ಪಲಿ". ಪೇಢಾನ ಕೆಲಸ ಮಾಡೋರು ಆ ಚಪ್ಪಲಿ ಹಾಕ್ಕೊಂಡ ಹೋಗಬೇಕು, ಅಲ್ಲೇ ಬಿಡಬೇಕು, ಕೈಕಾಲು ತೊಳಕೊಂಡು ಅರಿವಿ ಬದಲಿಸಿ ಒಳಗ ಬರಬೇಕು. ಅತ್ತೆಯವ್ರು ಬಾಗಲದಾಗ ಕುರ್ಚಿ ಹಾಕ್ಕೊಂಡು ಕೂತು ಕಾವಲಾ ಮಾಡಿದ್ರು. ನಮ್ಮನಿಯವ್ರನ್ನ ಎರಡು ಸಲ ವಾಪಸ್ ಕಳಿಸ್ಯಾರ.

ಅದ ವಾರ ನಾಕನೇ ಮನಿ ಕಾಕು ಅವರ ಮರಿನೂ ಬಿತ್ತು. ಅವರ ಮಗ ಹುಬ್ಬಳ್ಳ್ಯಾಗ ಮಾರೋರ ಕಡೆ ತಂದಿದ್ದಾ, ಕಣ್ಣಿಗೆ ಕಾಡಿಗಿ ಹಚ್ಚಿದಂಗಿದ್ದ ಮರಿ. "ಎಲ್ಲಾ ಇಂಜೆಕ್ಷನ್ ಮುಗದಾವ" ಅಂತ ಹೇಳಿ ಕೊಟ್ಟಿದ್ರು. ಕಾರ್ಡ್ ಕೇಳಿದ್ರ "ಆಮ್ಯಾಲೆ ಕಳಸ್ತೀವಿ" ಅಂದ್ರಂತ. ಮೂವತ್ತೈದು ದಿನದ ಮರಿಗೆ ಎಲ್ಲಾ ಹೆಂಗ ಮುಗೀತಾವ, ನೀವ ಹೇಳ್ರಿ. ತಂದ ಹತ್ತನೇ ದಿನ ವಾಂತಿ, ಎರಡನೇ ದಿನಕ್ಕ ಮರಿ ಹೋತು. ದವಾಖಾನಿಗೆ ಒಯ್ಯಲಿಕ್ಕೆ ಗಾಡಿ ತಗದಿದ್ರು, ಅಷ್ಟ. ಏಳು ವರ್ಷದ ಮೊಮ್ಮಗ ಊಟಾ ಬಿಟ್ಟು ಗೇಟಿಗೆ ನಿಂತ್ತಾ. ಅವನ ಅಳುವು ನೋಡಲಾರದ ಕಾಕು, ಬರೋ ರವಿವಾರ ಇನ್ನೊಂದು ಮರಿ ತರೋದು ಅಂತ ನಿಶ್ಚಯ ಮಾಡಿದ್ರು.

ನಾ ಹೋಗಿ ಹೇಳಿದೆ. "ಕಾಕು, ಈಗ ಬ್ಯಾಡ್ರಿ. ಅದ ಅಂಗಳ, ಅದ ಕಟ್ಟಿ, ಅದ ಗೋಣಿತಾಟು. ಹೊಸಾ ಮರಿನೂ ಹೋಗ್ತದ, ಹುಡುಗ ಎರಡನೇ ಸಲ ನೋಡ್ತಾನ." ಕಾಕು ಮಾರಿ ಕೆಂಪ ಆತು. "ನಿಂದು ಉಳೀತು. ನಮಗ ಬುದ್ಧಿ ಹೇಳಲಿಕ್ಕೆ ಬಂದೀಯಲ್ಲಾ" ಅಂದ್ರು. ನಾ ಸುಮ್ಮನ ಬಂದೆ. ಆ ಮಾತು ಎದಿಯಾಗ ಮುಳ್ಳಿನಂಗ ಇತ್ತು. ಹದಿನೈದು ದಿನ ನಮ್ಮ ಮನಿ ಮುಂದ ಹಾದ್ರೂ ಅವರು ತಿರುಗಿ ನೋಡಲಿಲ್ಲಾ. ಸತ್ತ ಮರಿ ಮನಿಯವ್ರಿಗೆ ಉಳದ ಮರಿ ಮನಿಯವ್ರು ಏನು ಹೇಳಿದ್ರೂ ಹಂಗ ಕೇಳಸ್ತದ. ಆದ್ರ ಅವರು ಮರಿ ತರಲಿಲ್ಲಾ.

ಒಂದಿನ ಮೊಮ್ಮಗನ ಕೈಯಾಗ ಅರ್ಧ ರೊಟ್ಟಿ, ಗೇಟಿನ ಹೊರಗ ಕೆಂಪಿ. ನಾಕು ಮರಿ ಕಳಕೊಂಡು, ಉಳದ ಒಂದನ್ನ ಯಾರೋ ಒಯ್ದ ಮ್ಯಾಲೆ ಅದು ಅವರ ಗೇಟಿಗೆ ಬಂದು ಮಲಗಲಿಕ್ಕೆ ಶುರು ಮಾಡಿತ್ತು. ಕಾಕು ಅವರ ಮಗ ಡಾಕ್ಟರ್ ಬಾಯಿಯವ್ರನ್ನ ಕೇಳಿದಾ. ದೊಡ್ಡ ನಾಯಿ, ಲಸಿಕೆ ಹಾಕಿಸಿ, ಮೈ ತೊಳದು ತಗೋಳ್ರಿ, ಇಂಥಾ ಅಂಗಳಕ್ಕ ಸಣ್ಣ ಮರಿಗಿಂತ ಇದ ಛಲೋ ಅಂದ್ರಂತ. ಈಗ ಕೆಂಪಿ ಕೊರಳಾಗ ಹಸರು ಪಟ್ಟಾ. ಕಾಕು ಮೊನ್ನೆ ನಮ್ಮನಿಗೆ ಕುಸುಬಿ ಹಿಂಡಿ ಕೇಳೋ ನೆಪಾ ಮಾಡಿ ಬಂದ್ರು, ಬ್ಲೀಚಿಗೆ ನೀರೆಷ್ಟು ಅಂತ ಕೇಳಿ ಹೋದ್ರು. ಇಬ್ಬರೂ ಹಳೇ ಮಾತು ತಗೀಲಿಲ್ಲಾ.

ಹೊಸಾ ಮರಿ ತರೋರಿಗೆ ಲೆಕ್ಕಾ ಹೇಳಿಬಿಡ್ತೀನಿ. ಎರಡು ತಿಂಗಳಾಗೋತನಕ ತಾಯಿಯಿಂದ ಬಿಡಿಸಬ್ಯಾಡ್ರಿ ಅಂತ ನನ್ನ ಕಿವಿಮಾತು. ಆರರಿಂದ ಎಂಟು ವಾರಕ್ಕ ಮೊದಲನೇ ಲಸಿಕೆ. ಆಮ್ಯಾಲೆ ಡಾಕ್ಟರು ಹೇಳಿದಂಗ ಎರಡರಿಂದ ನಾಕು ವಾರಕ್ಕೊಮ್ಮೆ. ಕಡೀದು ಹದಿನಾರು ವಾರ ತುಂಬಿದ ಮ್ಯಾಲೇನ ಬರಬೇಕು. ಇದು ಭಾಳ ಮುಖ್ಯ, ಯಾಕಂದ್ರ ಆ ಹೊತ್ತಿಗೆ ಹಳೇ ಬಾಗಿಲಾ ಪೂರ್ತಿ ಹೋಗಿರ್ತದ. ಆರು ತಿಂಗಳಿಂದ ವರ್ಷದೊಳಗ ಇನ್ನೊಂದು. ಹುಚ್ಚುನಾಯಿ ರೋಗದ ಲಸಿಕೆ ಬ್ಯಾರೆ, ಅದನ್ನ ಮೂರು ತಿಂಗಳಿಗೆ. ಕಾರ್ಡಿನಾಗ ಲಸಿಕೆ ಶೀಶೆಯ ಮ್ಯಾಲಿನ ಚೀಟಿ ಹಚ್ಚಿರಬೇಕು, ತಾರೀಖು, ಡಾಕ್ಟರ್ ಸಹಿ ಇರಬೇಕು. ಬಾಯಿಮಾತಿನ ಲಸಿಕೆ ಲಸಿಕೆಯಲ್ಲಾ. ಲಸಿಕೆ ಮುಗಿಯೋತನಕ ಮರೀನ್ನ ಓಣ್ಯಾಗ, ಗಾರ್ಡನ್ಯಾಗ ಇಳಿಸಬ್ಯಾಡ್ರಿ. ಎತ್ತಿಕೊಂಡು ತಿರಗಾಡಿಸ್ರಿ, ಜಗತ್ತು ನೋಡಲಿ.

ಬ್ಯಾನಿ ಬಿದ್ದಾಗ ಮಾಡಬಾರದ್ದು ಇಷ್ಟು. ನಮ್ಮ ಜಾಡಿನ ಗುಳಿಗಿ, ಜ್ವರದ ಪ್ಯಾರಾಸಿಟಮಾಲ್ ಕೊಡಬ್ಯಾಡ್ರಿ. ಉಳ್ಳಾಗಡ್ಡಿ ರಸಾ ಹಾಕ್ರಿ ಅಂತ ಹೇಳೋರು ಇರ್ತಾರ, ಉಳ್ಳಾಗಡ್ಡಿ ನಾಯಿಯ ರಕ್ತಕಣ ಒಡೀತದ. ಬಾಯಿ ತಗದು ಜಬರದಸ್ತಿ ನೀರು ಸುರವಿದ್ರ ಅದು ಪುಪ್ಪಸಕ್ಕ ಹೋಗ್ತದ. ಹಾಲು ಬ್ಯಾಡಾ. "ನಾಳೆ ನೋಡೋಣ" ಅನ್ನೋದು ಎಲ್ಲಾದಕ್ಕಿಂತ ಬ್ಯಾಡಾ. ಇಂಥಾ ವಾಂತಿ-ರಕ್ತಾ ಜಂತಿನಿಂದನೂ ಬರ್ತದ, ಏನರ ನುಂಗಿದ್ರೂ ಬರ್ತದ, ಮನ್ಯಾಗ ಕೂತು ಇದ ಅಂತ ಹೇಳಲಿಕ್ಕಾಗಂಗಿಲ್ಲಾ. ಎರಡು ಸಲ ವಾಂತಿ ಮಾಡಿ ಮಂಕಾದ ಮರಿ ಆ ದಿನಾನ ಡಾಕ್ಟರ್ ಮುಂದ ಇರಬೇಕು. ಒಯ್ಯುವಾಗ ಫೋನ್ ಮಾಡಿ ಹೇಳಿ ಹೋಗ್ರಿ, ಲಸಿಕೆಗೆ ಬಂದ ಬ್ಯಾರೆ ಮರಿಗಳ ನಡುವ ಕೂಡ್ರಿಸಬ್ಯಾಡ್ರಿ.

ಮನಿಯಾಗ ಬಸುರಿ-ಬಾಣಂತಿ, ಕೂಸು ಅವ, ನಮಗ ಬರ್ತದೇನು ಅಂತ ನಾದಿನಿ ಕೇಳಿದ್ಲು. ನಾಯಿ ಪಾರ್ವೊ ಮನುಷ್ಯಾರಿಗೆ ಬರಂಗಿಲ್ಲಾ. ಆದ್ರ ಮರಿಗಳ ಹೊಟ್ಟ್ಯಾಗಿನ ಜಂತು ನಮ್ಮ ಹುಡುಗರಿಗೆ ಹತ್ತಬಹುದು, ಅದಕ್ಕ ಕೈ ತೊಳಿಯೋದು ಬಿಡಬ್ಯಾಡ್ರಿ. ಬೆಕ್ಕು ಸಾಕಿದವ್ರು ಅವುಗಳ ಲಸಿಕೆ ಬಗ್ಗೆನೂ ಡಾಕ್ಟರನ್ನ ಕೇಳ್ರಿ, ಈ ವೈರಸ್ಸಿನ ಈಗಿನ ತಳಿಗಳು ಬೆಕ್ಕಿಗೂ ಹತ್ತತಾವು.

ಇನ್ನ ಓಣಿಯವ್ರಿಗೆ ಒಂದು ವಿನಂತಿ. ಖುಲ್ಲಾ ಪ್ಲಾಟಿನ ಮಗ್ಗಲ ಚರಂಡಿ ಕಡೆ ಇನ್ನೊಂದು ಬೀದಿನಾಯಿ ಮರಿ ಹಾಕೇದ, ಈಗ ಮೂರು ವಾರದವು. ಅವಕ್ಕ ಆರು ವಾರ ತುಂಬಿದ ಕೂಡಲೇ ಬಂದು ಲಸಿಕೆ ಹಾಕ್ತೀನಿ ಅಂತ ಡಾಕ್ಟರ್ ಬಾಯಿ ಒಪ್ಪ್ಯಾರ, ಔಷಧದ ಖರ್ಚು ನಾವು ಕೊಡಬೇಕು. ಈ ತಿಂಗಳ ಭಿಶಿ ನಮ್ಮನಿಯೊಳಗ. ಸೂಸಲಾ-ಮಿರ್ಚಿ ನನ್ನ ಕಡೆಯಿಂದ, ಚಹಾ ಅತ್ತೆಯವ್ರ ಕೈಯಿಂದ. ಬರುವಾಗ ಒಬ್ಬೊಬ್ಬರು ನಿಮ್ಮ ಕೈಲಾದಷ್ಟು ತರ್ರಿ. ಆಪಾ ಅವರು ಆಗಲೇ ಕೊಟ್ಟಾರ. ಕಾಕು ಅವರೂ ಮೊಮ್ಮಗನ ಕೈಯಾಗ ಕೊಟ್ಟು ಕಳಿಸ್ಯಾರ. ಹಿತ್ತಲ ಬಾಗಲಿನಿಂದ ಬರೋರು ಮಾತ್ರ ಕಾಲು ತೊಳಕೊಂಡ ಬರ್ರಿ, ಕುರ್ಚಿ ಇನ್ನೂ ಅಲ್ಲೇ ಅದ.